ತೊರವಿಯನ್ನು ಕರೆಯುತ್ತಿದ್ದ ಗಿಣಿ

ನೂರಾರು ದೇವರುಗಳಿದ್ದ ನಾಡೊಂದಿತ್ತು. ಹೆಸರು ಹಿಡಿದು ಕರೆಯುವ ಒಂದು ಜೀವವಾದರೂ ಇರುವ ತನಕ ಮಾತ್ರ ಅಲ್ಲಿ ದೇವರು ಬದುಕಿರುತ್ತಿದ್ದರು. ಹೊಳೆ ದಾಟುವವರನ್ನು ಕಾಯುವ ದೇವತೆ ತೊರವಿ. ಹೊಳೆ ದಿಕ್ಕು ಬದಲಿಸಿದ ಮೇಲೆ ಜನ ಅವಳನ್ನು ಮರೆತರು. ಗುಡಿಯ ಮುದಿ ಗಿಣಿಯೊಂದೇ ದಿನಾ ಬೆಳಗ್ಗೆ "ತೊರವಿ ತಾಯೇ" ಎಂದು ಕೂಗುತ್ತಿತ್ತು. ಪುಕ್ಕ ಉದುರಿ, ಉಸಿರಾಡುವುದೇ ಕಷ್ಟವಾದರೂ ಅದು ಬಿಡಲಿಲ್ಲ.

"ಸಾಕು ಮಗಳೇ, ಇನ್ನು ಮಲಗು" ಎಂದಳು ತೊರವಿ.

"ನಾನು ಮಲಗಿದರೆ ನಿನ್ನನ್ನು ಕರೆಯುವವರು ಯಾರು ತಾಯೇ?"

"ಯಾರೂ ಇಲ್ಲ. ಆದರೂ ಮಲಗು. ನಿನ್ನನ್ನು ದಾಟಿಸುವ ತನಕ ಇರುತ್ತೇನೆ."

ಗಿಣಿ ಅವಳ ಪಾದಕ್ಕೆ ತಲೆಯೊರಗಿಸಿ ಕಣ್ಣು ಮುಚ್ಚಿತು. ಅದರ ಉಸಿರು ನಿಲ್ಲುವವರೆಗೂ ತೊರವಿ ಬೆನ್ನು ಸವರುತ್ತಿದ್ದಳು. ಆಮೇಲೆ ಗುಡಿಯಲ್ಲಿ ಬರಿಯ ಕಲ್ಲೊಂದು ಉಳಿಯಿತು.