ಅಲುಗದ ಸಾಹೇಬರು

ಕಡಲ ದಂಡೆಯ ಉಪಗ್ರಹ ಕೇಂದ್ರದಲ್ಲಿ ಸುಗಂಧಿ ಖಾರ್ವಿ ಆಪರೇಟರ್. ಮುಗಿಲಾಚೆ ತೇಲುವ ಒಂದು ಉಪಗ್ರಹ, ಅದರಿಂದ ಇಳಿಯುವ ಇಕ್ಕಟ್ಟಾದ ಒಂದೇ ದಾರಿ. ದೂರದ ದೋಣಿಗಳಿಗೆ ಗಾಳಿ-ಮಳೆಯ ಮುನ್ಸೂಚನೆ ಹೋಗುವುದೂ ಅದರಲ್ಲೇ. ಅಂದು ಬಿರುಗಾಳಿಯ ಸೂಚನೆಯಿತ್ತು. ಅವಳ ಅಣ್ಣನ ದೋಣಿಯೂ ಕಡಲಲ್ಲಿತ್ತು. ಅಂದೇ ನಿರ್ದೇಶಕ ಶೇಷಗಿರಿರಾಯರಿಗೆ ಭಾಷಣದ ಹುಕಿ ಬಂತು.

"ಒಂದು ಗಂಟೆ ಇಡೀ ಬ್ಯಾಂಡ್‌ವಿಡ್ತ್ ನನಗೆ. ಎಲ್ಲ ಕೇಂದ್ರಗಳಲ್ಲೂ ನನ್ನ ಮುಖ ಸ್ಪಷ್ಟವಾಗಿ ಕಾಣಬೇಕು. ದೋಣಿಯವರು ಕಾಯಲಿ."

"ಆಗಲಿ ಸರ್. ಆದರೆ ಚಿತ್ರದಲ್ಲಿ ಅಲುಗಿದ್ದನ್ನಷ್ಟೇ ಯಂತ್ರ ಹೊಸದಾಗಿ ಕಳಿಸುತ್ತದೆ. ನೀವು ಕೈ ಬೀಸಿದರೆ ಮುಖ ಚೂರುಚೂರಾಗಿ ಕಾಣಬಹುದು. ಅಲುಗದೆ ಕೂತರೆ ದೇವರ ಪಟದಷ್ಟು ಸ್ಪಷ್ಟ."

ರಾಯರಿಗೆ ಆ ಹೋಲಿಕೆ ಹಿಡಿಸಿತು. ಗಂಟೆಹೊತ್ತು ತುಟಿಯೊಂದನ್ನು ಬಿಟ್ಟು ಅವರು ಏನನ್ನೂ ಅಲುಗಿಸಲಿಲ್ಲ. ಅಲುಗದ ಚಿತ್ರಕ್ಕೆ ದಾರಿಯ ಒಂದು ಅಂಚು ಸಾಕಾಯಿತು; ಉಳಿದ ದಾರಿಯಲ್ಲಿ ಸುಗಂಧಿ ಕಳಿಸಿದ ಎಚ್ಚರಿಕೆಗಳು ಬೆಳ್ಳಕ್ಕಿಗಳಂತೆ ಸಾಲಾಗಿ ಕಡಲಿಗೆ ಇಳಿದವು. ದೋಣಿಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಂದೊಂದಾಗಿ ದಡದತ್ತ ತಿರುಗಿದವು.

"ಹೇಗಿತ್ತು?" ರಾಯರು ಕತ್ತು ನೀವಿಕೊಂಡರು.

"ದೋಣಿಗಳೆಲ್ಲ ವಾಪಸು ಹೊರಟಿವೆ ಸರ್."

"ನಾನು ಕೇಳಿದ್ದು ಭಾಷಣದ ಬಗ್ಗೆ."

"ಬಲು ಸ್ಪಷ್ಟ ಸರ್. ಒಂದು ಕೇಂದ್ರದವರು ಮಾತ್ರ ಧ್ವನಿ ಹಾಕಲು ಮರೆತು, ಪರದೆಗೆ ಹಾರ ಹಾಕಿ, ಎರಡು ನಿಮಿಷ ಮೌನವಾಗಿ ಎದ್ದು ನಿಂತರಂತೆ."