ಕಡಜದ ಮನೆಯ ತಳಪಾಯ

ಕಾರ್ತಿಕ ಬಹುಳ ಬಿದಿಗೆ, ಬುಧವಾರ. ಬೆಳಗ್ಗೆ ಮಂಜು, ಆಮೇಲೆ ಎಳೆಬಿಸಿಲು. ಅಂದು ಹೊಳೆಗೋಟೆಯಲ್ಲಿ ಡಂಗುರ ಸಾರಿದರು: ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುಮಾರಿ, ತಪ್ಪಿದವನಿಗೆ ಶಿರಚ್ಛೇದ.

ಆನೆಲಾಯದ ಸೂರಿನ ಮೇಲೆ ಕುಳಿತು ತಿಪ್ಪಯ್ಯ ಅದನ್ನು ಕೇಳಿದ. ಹುಲ್ಲು ಹೊದಿಸುವವನು. ಮೂರು ವರ್ಷದಿಂದ ಕೋಟೆಯೊಳಗಿದ್ದ. ಹೆಂಡತಿ ಗುಜ್ಜವ್ವ ಹೊಳೆಯಾಚೆ. ಕಡಜದ ಗೂಡಿರುವ ಕಡೆ ಹುಲ್ಲು ಹೊದಿಸಬಾರದು, ಅದು ಅವನ ಕುಲದ ಕಟ್ಟಳೆ. ಸೂರು ಮುಗಿಯದೆ ಹೊಳೆ ದಾಟಬಾರದು, ಅದು ದೊರೆಯ ಕಟ್ಟಳೆ. ಒಂದು ಗೂಡು ಖಾಲಿಯಾದರೆ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಏಳುತ್ತಿತ್ತು. ಆಚೆ ದಡದಲ್ಲಿ ಒಲೆಯ ಹೊಗೆ ಕಂಡಾಗಲೆಲ್ಲ ಅವನ ಕೈ ನಿಲ್ಲುತ್ತಿತ್ತು.

ಸಭೆಯಲ್ಲಿ ಪದುಮಲೆ ಕೇಳಿದಳು: “ಮನೆಗೆ ಬೇಕಾದುದನ್ನು ಬಾಯಲ್ಲೇ ಅಗಿದು ಕಟ್ಟುವವರು ಯಾರು?”

“ಜೇನು,” ಎಂದ ಒಗಟು ಬಿಡಿಸಲು ಬಂದ ಮೊದಲ ರಾಜಕುಮಾರ.

“ಜೇನಿಗೆ ಮೇಣ ಮೈಯಲ್ಲೇ ಹುಟ್ಟುತ್ತದೆ,” ಎಂದಳು. ಅವನನ್ನು ಹೊರಗೆ ಕರೆದೊಯ್ದರು.

ಎರಡನೆಯವನು ಕಡಜ ಎಂದ. “ಹಾಗಾದರೆ ಆ ಮನೆಯ ತಳಪಾಯ ಎಲ್ಲಿದೆ?” “ನೆಲದಲ್ಲಿ, ಮತ್ತೆಲ್ಲಿ?” ಅವನೂ ಮರಳಲಿಲ್ಲ.

ತಿಪ್ಪಯ್ಯ ಬಾಗಿಲಿಗೆ ಬಂದಾಗ ಕಾವಲುಗಾರ ನಕ್ಕ: “ಏನಯ್ಯಾ, ತಲೆ ಭಾರವಾಯಿತೇ?”

“ಮೂರು ವರ್ಷವಾಯಿತಣ್ಣ, ಭಾರವಾಗಿ.”

ಒಳಗೆ ಹೋಗಿ ಕೈ ಮುಗಿದ. ಪದುಮಲೆ ಅವೇ ಎರಡು ಒಗಟು ಕೇಳಿದಳು. “ಅದು ಕಡಜ, ತಾಯಿ. ಒಣಮರ ಕೆರೆದು ಅಗಿಯುತ್ತದೆ. ತಳಪಾಯ ಮೇಲಿದೆ. ತೊಲೆಗೆ ಅಂಟಿಸಿ ಕೆಳಮುಖವಾಗಿ ಕಟ್ಟುತ್ತದೆ.”

ಪದುಮಲೆಯ ದನಿ ಸಣ್ಣಗಾಯಿತು. “ಗೂಡು ಗಟ್ಟಿಯಾಗಿದ್ದರೂ ಮರುವರ್ಷ ಅದಕ್ಕೆ ಯಾರೂ ಬರುವುದಿಲ್ಲ. ಏಕೆ?”

ತಿಪ್ಪಯ್ಯ ಹೊಳೆಯ ಕಡೆ ತಿರುಗಿ ಹೇಳಿದ:

“ಕಟ್ಟಿದವರು ಆ ವರ್ಷವೇ ಸಾಯುತ್ತಾರೆ, ತಾಯಿ. ಉಳಿದ ಹೆಣ್ಣು ಕಡಜ ಬೇರೆ ಕಡೆ ಹೊಸದಾಗಿ ಶುರು ಮಾಡುತ್ತದೆ. ಜೊತೆಯವರಿಲ್ಲದ ಮೇಲೆ ಸೂರು ಎಷ್ಟು ಗಟ್ಟಿಯಿದ್ದರೇನು?”

ಅವಳು ತಲೆ ತಗ್ಗಿಸಿ, “ಸರಿ,” ಎಂದಳು.

ದೊರೆ ಎದ್ದು ನಿಂತ. “ಅರ್ಧ ರಾಜ್ಯ ನಿನ್ನದು. ಮಗಳೂ.”

“ನನಗೆ ಹೆಂಡತಿ ಇದ್ದಾಳೆ, ಬುದ್ಧೀ. ಹೊಳೆ ದಾಟಲು ಅಪ್ಪಣೆ ಕೊಡಿ, ಸಾಕು.”

“ಲಾಯದ ಸೂರು?”

“ಮುಗಿದಿಲ್ಲ.”

ದೊರೆ ಹುಬ್ಬು ಗಂಟಿಕ್ಕಿದ. ರಾಜ್ಯ ಕೊಡುವಾಗ ಅವನು ಇಷ್ಟು ಯೋಚಿಸಿರಲಿಲ್ಲ. ಕಡೆಗೆ ಮಗಳೇ ತಂದೆಯ ಬೆರಳಿನ ಮುದ್ರೆಯುಂಗುರ ಕಳಚಿ ಅಪ್ಪಣೆಯ ಓಲೆಗೆ ಒತ್ತಿದಳು.

ಅರ್ಧ ರಾಜ್ಯದ ಬದಲು ತಿಪ್ಪಯ್ಯನಿಗೆ ಸಂದದ್ದು ಆ ದಿನದಲ್ಲಿ ಉಳಿದಿದ್ದ ಅರ್ಧ ಹಗಲು, ಈಜಿ ಹೊಳೆ ದಾಟಲು ಸಾಕಾಗುವಷ್ಟು ಬೆಳಕು.