ಚೌಳು ನೆಲದ ಬಸಿಗಾಲುವೆ

“ಗುರುಗಳೇ, ತಮ್ಮನ ಮೇಲಿನ ಸಿಟ್ಟು ಹೋಗುತ್ತಿಲ್ಲ. ದಿನವೂ ಜಪ ಮಾಡುತ್ತಿದ್ದೇನೆ. ಇನ್ನೂ ಹೆಚ್ಚು ಮಾಡಲೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಗದ್ದೆ ಚೌಳು ಹಿಡಿದಿತ್ತು. ಬಿಸಿಲು ಬಿದ್ದರೆ ಸಾಕು, ಸುಣ್ಣ ಬಳಿದ ಹಾಗೆ ನೆಲದ ಮೇಲೆ ಉಪ್ಪು ಏಳುತ್ತಿತ್ತು. ನೆಟ್ಟ ಪೈರು ತುದಿ ಸುಟ್ಟು ಸಾಯುತ್ತಿತ್ತು. ಕೆಳಗಡೆ, ಹಳ್ಳದ ದಂಡೆಗೆ ಅಂಟಿಕೊಂಡ ಒಂದು ಪಟ್ಟಿ ಮಾತ್ರ ಒಳ್ಳೆಯದಿತ್ತು. ಮನೆಮಂದಿ ಉಣ್ಣುವ ಅಕ್ಕಿ ಅಲ್ಲಿಂದಲೇ ಬರಬೇಕು.

ನೀರು ಕಟ್ಟಿದರೆ ಉಪ್ಪು ತೊಳೆದುಹೋದೀತೆಂದು ರೈತ ಕಾಲುವೆಯ ನೀರು ತುಂಬಿಸಿ ನಿಲ್ಲಿಸಿದ. ಬೆಳ್ಳಗಿದ್ದ ನೆಲ ಕಪ್ಪಾಯಿತು. ಕೈಮುಗಿದು ನಾಟಿ ಹಾಕಿದ. ನೀರು ಆರುತ್ತಲೇ ಉಪ್ಪು ಮತ್ತೆ ಮೇಲಕ್ಕೆ ಬಂತು. ಮರುವರ್ಷ ಇನ್ನಷ್ಟು ನೀರು ಕಟ್ಟಿದ, ಉಪ್ಪೂ ಇನ್ನಷ್ಟಾಯಿತು.

“ನಿನಗೆ ಬೇಸಾಯ ಯಾಕೆ ಮಾರಾಯ? ಬಟ್ಟೆ ಒಗೆಯುವವರಿಗೆ ಈ ಮಣ್ಣು ಮಾರಿಕೋ” ಎಂದು ಪಕ್ಕದ ಗದ್ದೆಯವನು ನಕ್ಕ.

ಬುತ್ತಿ ತಂದ ಹೆಂಡತಿ ಬದುವಿನ ಮೇಲೆ ನಿಂತು ಕೇಳಿದಳು: “ಉಪ್ಪಿನಲ್ಲಿಟ್ಟ ಮಾವಿನಕಾಯಿಯನ್ನು ನೆನೆಹಾಕಿದರೆ ಆಯಿತೇ? ಆ ನೀರು ಚೆಲ್ಲಬೇಡವೇ?”

“ಎಲ್ಲಿಗೆ ಚೆಲ್ಲಲಿ? ಹಳ್ಳಕ್ಕೆ ಬಸಿಗಾಲುವೆ ತೋಡಬೇಕಾದರೆ ಒಳ್ಳೆಯ ಪಟ್ಟಿಯನ್ನೇ ಸೀಳಬೇಕು.”

“ಸೀಳಿ. ಒಂದು ವರ್ಷ ಅಂಬಲಿ ಕುಡಿದರೆ ಯಾರೂ ಸಾಯುವುದಿಲ್ಲ.”

ರೈತ ಪಟ್ಟಿಯತ್ತ ನೋಡಿದ. ಅಲ್ಲಿ ತೆನೆ ಹಾಲುಗಟ್ಟುತ್ತಿತ್ತು. ಕೊಯ್ಲಿನವರೆಗೆ ಕಾಯೋಣವೆಂದರೆ ಅಷ್ಟರಲ್ಲಿ ಕಾಲುವೆಯ ನೀರು ನಿಂತುಹೋಗುತ್ತದೆ. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ಹಾಲುತೆನೆಯ ನಡುವೆಯೇ ಗುದ್ದಲಿ ಇಳಿಸಿದ.

ಎದೆಮಟ್ಟ ಅಗೆದ. ಅಗೆದು ಹಾಕಿದ ಮಣ್ಣಿನಡಿ ಪಟ್ಟಿಯ ತೆನೆಯೆಲ್ಲ ಹೂತುಹೋಯಿತು. ಮತ್ತೆ ನೀರು ಕಟ್ಟಿದಾಗ ಅದು ಮಣ್ಣಿನೊಳಗಿಂದ ಬಸಿದು, ಉಪ್ಪನ್ನು ಹೊತ್ತುಕೊಂಡು ಹಳ್ಳಕ್ಕೆ ಇಳಿಯಿತು. ಆಮೇಲೆ ಹಸಿರುಗೊಬ್ಬರಕ್ಕೆಂದು ಸೆಣಬಿನ ಬೀಜ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಅದನ್ನು ಅಲ್ಲೇ ಉತ್ತು ಮಣ್ಣಿಗೆ ಸೇರಿಸಿದ. ಮನೆಯಲ್ಲಿ ಆ ವರ್ಷವೆಲ್ಲ ಅಂಬಲಿಯೇ. ಮುಂದಿನ ವರ್ಷ ಚೌಳಿನಲ್ಲಿ ಪೈರು ನಿಂತಿತು.

ಶಿಷ್ಯ ತಲೆದೂಗಿದ. “ಚೌಳು ಯಾವುದೆಂದು ತಿಳಿಯಿತು, ಗುರುಗಳೇ. ಆದರೆ ಸೀಳುವುದಕ್ಕೆ ನನ್ನಲ್ಲಿ ಒಳ್ಳೆಯ ಪಟ್ಟಿ ಯಾವುದಿದೆ?”

ಗುರುಗಳೆಂದರು: “‘ನ್ಯಾಯ ನನ್ನ ಕಡೆಗಿದೆ’ ಎಂದುಕೊಂಡಿದ್ದೀಯಲ್ಲ, ಮೊದಲ ಗುದ್ದಲಿ ಅಲ್ಲಿಗೇ ಹಾಕು.”